ಆ ಕಡೆಯಪ್ಪನಿಗೆ ಇಟ್ಟ ಎಡೆ

ನಮ್ಮ ಮನೆಯಲ್ಲಿ ಪಿತೃಪಕ್ಷದ ದಿನ ಏಳು ಎಡೆ ಇಡುತ್ತಿದ್ದರು. ಸತ್ತ ಹಿರಿಯರು ಆರೇ ಜನ. ನಡುಮನೆಯ ಗೋಡೆಗೆ ಒತ್ತಿ ಆರು ಬಾಳೆಲೆ, ಅದರ ಮೇಲೆ ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ, ತಾತನ ಎಲೆಯ ತುದಿಗೆ ಒಂದು ಕಟ್ಟು ಬೀಡಿ. ಏಳನೆಯ ಎಲೆ ಮಾತ್ರ ದೂರದ ಮೂಲೆಯಲ್ಲಿ. ಅದಕ್ಕೆ ಮಾಂಸ ಸೋಕಿಸುವಂತಿಲ್ಲ. ಬೇರೆ ಪಾತ್ರೆಯಲ್ಲಿ ಮಾಡಿದ ಹುರುಳಿಕಾಳಿನ ಸಾರು, ಮುದ್ದೆ, ಒಂದು ಲೋಟ ಮಜ್ಜಿಗೆ, ಪಕ್ಕದಲ್ಲಿ ಮಡಿಸಿಟ್ಟ ಬಿಳಿ ಟವೆಲು. ಸಾಂಬ್ರಾಣಿ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಜಗುಲಿಯಲ್ಲಿ ಕೂರುತ್ತಿದ್ದೆವು. ಹೊಟ್ಟೆ ಚುರುಗುಟ್ಟುತ್ತಿದ್ದ ನಾನು, “ಏಳನೇ ಎಲೆ ಯಾರದಜ್ಜಿ?” ಎಂದು ಕೇಳಿದರೆ ಅಜ್ಜಿ, “ಆ ಕಡೆಯಪ್ಪಂದು ಕಣ್ ಮಗ, ಸುಮ್ಕಿರು” ಎನ್ನುತ್ತಿದ್ದಳು.

ಆ ಕಡೆ ಎಂದರೆ ಹೊಳೆಯ ಆ ಕಡೆ. ನಮ್ಮೂರು ಮಳವಳ್ಳಿ ತಾಲ್ಲೂಕಿನ ಕಟ್ಟಕಡೆಯ ಊರು, ಮುತ್ತತ್ತಿಗಿಂತ ಸ್ವಲ್ಪ ಮೇಲೆ, ಕಾವೇರಿಯ ದಡದಲ್ಲಿದೆ. ಎದುರು ದಡದಲ್ಲಿ ಬೆಟ್ಟ, ಕಾಡು, ಅದರ ಹಿಂದೆ ಊರುಗಳು. ಈಗ ಅದು ಬೇರೆ ಜಿಲ್ಲೆ, ಅಷ್ಟೇ. ಅಜ್ಜಿ ಚಿಕ್ಕವಳಾಗಿದ್ದಾಗ ಅದು ಬೇರೆ ರಾಜ್ಯವೇ ಆಗಿತ್ತು. ಆ ಕಡೆ ಬಿಳಿಯರದು, ಈ ಕಡೆ ಮೈಸೂರು ಮಹಾರಾಜರದು. ನಡುವೆ ನೀರು. ಆ ಕಡೆ ತಂತಿ ಕತ್ತರಿಸಿದವನು ಈಜಿ ಈ ಕಡೆ ಬಂದರೆ ಅಲ್ಲಿನ ಪೊಲೀಸರು ದಡದಲ್ಲಿ ನಿಂತು ಬಾಯಿ ಬಡಿದುಕೊಳ್ಳಬೇಕಿತ್ತು. ಈ ಕಡೆ ಜವಾಬ್ದಾರಿ ಸರ್ಕಾರ ಬೇಕೆಂದು ಕೂಗಿದವನು ಆ ಕಡೆ ಹೋದರೆ ಇಲ್ಲಿನವರದೂ ಅದೇ ಪಾಡು. ಇಪ್ಪತ್ತೈದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು, ಸ್ವಾತಂತ್ರ್ಯ ಹೋರಾಟದ ಪಾಠವನ್ನು ನಿದ್ದೆಯಲ್ಲೂ ಹೇಳಬಲ್ಲೆ. ಆದರೆ ನಮ್ಮೂರಿನವರು ಯಾರಿಂದ ಸ್ವಾತಂತ್ರ್ಯ ಕೇಳಿದರು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಆ ದಡದಲ್ಲಿ ಬಾವುಟ ಏರಿಸಿ ತಮಟೆ ಬಡಿದ ದಿನ ಈ ದಡದ ಪಟೇಲರು, “ನಮಗಿನ್ನೂ ಆರ್ಡರ್ ಬಂದಿಲ್ಲ” ಎಂದು ಜನರನ್ನು ಗದ್ದೆಗೆ ಅಟ್ಟಿದರಂತೆ. ಅಜ್ಜಿ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ಆ ಕಡೆಯಪ್ಪನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಇಷ್ಟು. ಕ್ವಿಟ್ ಇಂಡಿಯಾ ಎನ್ನುತ್ತಿದ್ದ ಕಾಲದಲ್ಲಿ ಹದಿನೆಂಟೋ ಇಪ್ಪತ್ತೋ ವಯಸ್ಸಿನ ಒಬ್ಬ ಹುಡುಗ ಹೊಳೆ ದಾಟಿ ಬಂದು ನಮ್ಮ ಮನೆಯಲ್ಲಿ ಅಡಗಿದ್ದ. ಮನೆ ಅಜ್ಜಿಯ ತವರು. ತಾತ ಮನೆಯಳಿಯನಾಗಿ ಬಂದವನು, ಹಾಗಾಗಿ ಅಜ್ಜಿ ಹುಟ್ಟಿದ್ದೂ ಬದುಕಿದ್ದೂ ಅಲ್ಲೇ. ಅವಳಪ್ಪ, ನನ್ನ ಮುತ್ತಜ್ಜ, ಹಿತ್ತಲಲ್ಲಿ ಖಾಲಿಯಿದ್ದ ಹಗೇವಿನಲ್ಲಿ ಆ ಹುಡುಗನನ್ನು ಬಚ್ಚಿಟ್ಟ. ಹಗೇವು ಅಂದರೆ ರಾಗಿ ತುಂಬಿಡಲು ನೆಲದಲ್ಲಿ ತೋಡಿದ ಆಳದ ಗುಂಡಿ. ಮೇಲೆ ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು. ಒಳಗಿನ ಗಾಳಿ ಕೆಟ್ಟಿದ್ದರೆ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೇ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಮುತ್ತಜ್ಜ ದಿನಾ ದೀಪ ಇಳಿಸಿ, ಆಮೇಲೆ ಹುಡುಗನನ್ನು ಇಳಿಸುತ್ತಿದ್ದ. ಹೆಸರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಪೊಲೀಸರು ಹೊಡೆದು ಕೇಳಿದರೆ ಗೊತ್ತಿಲ್ಲದ್ದನ್ನು ಹೇಳುವುದಕ್ಕಾಗುವುದಿಲ್ಲವಲ್ಲ, ಅದಕ್ಕೆ.

ಒಂದು ದಿನ ಆ ಕಡೆಯವರು ಸುದ್ದಿ ಮುಟ್ಟಿಸಿ, ಈ ಕಡೆಯ ಪೊಲೀಸರೇ ಬಂದು ಹಟ್ಟಿಯನ್ನೆಲ್ಲ ಜಾಲಾಡಿ ಹೋದರು. ಹುಡುಗ ಸಿಗಲಿಲ್ಲ. ಮಾರನೆಯ ದಿನವೇ ಅವನು ಹೊಳೆ ದಾಟಿ ವಾಪಸ್ಸು ಹೋಗಬೇಕೆಂದಾಯಿತು. ಹೋದ. ಎರಡು ದಿನ ಬಿಟ್ಟು ಕೆಳಗಿನ ಬಂಡೆಗಳ ಸಂದಿಯಲ್ಲಿ ಅವನ ಚೀಲವೂ ಪಂಚೆಯೂ ಸಿಕ್ಕವು. ಮುತ್ತಜ್ಜ ಅವನ್ನು ತಂದು ಒಣಗಿಸಿ ಪೆಟ್ಟಿಗೆಯಲ್ಲಿಟ್ಟ. “ನಮ್ ಮನೇಲಿ ಉಂಡೋನು. ಅವನ ಕಡೆಯೋರು ಯಾರೋ ಎತ್ತೋ. ಎಡೆ ನಾವೇ ಇಡಾವು” ಎಂದನಂತೆ. ಮನೆಯಲ್ಲಿದ್ದಷ್ಟು ದಿನ ಹುಡುಗ ಮಾಂಸ ಮುಟ್ಟಿರಲಿಲ್ಲ, ಅದಕ್ಕೇ ಮೂಲೆಯಲ್ಲಿ ಬೇರೆ ಎಲೆ.

ಇಷ್ಟನ್ನೂ ನಾನು ಮರೆತು ಹಾಯಾಗಿದ್ದೆ. ಮದುವೆಯಾಗಿ ಮದ್ದೂರಿಗೆ ಬಂದು, ಅಲ್ಲೇ ಹೈಸ್ಕೂಲಿನಲ್ಲಿ ಕೆಲಸ ಮಾಡಿಕೊಂಡಿದ್ದೆ. ಹತ್ತು ಹನ್ನೆರಡು ವರ್ಷದ ಹಿಂದೆ ಇರಬೇಕು, ಒಂದು ಸಂಕ್ರಾಂತಿಗೆ ಊರಿಗೆ ಹೋದಾಗ ಊರಿನ ಯಜಮಾನರು ನನ್ನನ್ನು ಹಿಡಿದುಕೊಂಡರು. ಶಾಲೆಯ ಮುಂದೆ ಒಂದು ಕಲ್ಲು ನಿಲ್ಲಿಸಬೇಕು, ಅದರಲ್ಲಿ ಊರಿನ ಸ್ವಾತಂತ್ರ್ಯ ಹೋರಾಟಗಾರರ ಹೆಸರು ಕೆತ್ತಿಸಬೇಕು, ಬರುವ ಆಗಸ್ಟಿಗೆ ಎಲ್ಲ ಮುಗಿಯಬೇಕು. “ನೀನೇ ಇಸ್ಟ್ರಿ ಮೇಡಮ್ಮು. ಪಟ್ಟಿ ಮಾಡ್ಕೊಡವ್ವ” ಎಂದರು. ಒಪ್ಪಿಕೊಂಡೆ. ಒಪ್ಪಿಕೊಂಡಿದ್ದೇ ತಪ್ಪು.

ಮನೆಮನೆಗೆ ಹೋದರೆ ಎಲ್ಲರ ಮನೆಯಲ್ಲೂ ಒಬ್ಬ ಹೋರಾಟಗಾರ. ಒಬ್ಬರ ತಾತ ಹೆಂಡ ನಿಲ್ಲಿಸುವ ಹೋರಾಟದಲ್ಲಿ ಈಚಲು ಮರ ಕಡಿದು ಜೈಲಿಗೆ ಹೋಗಿದ್ದರು. ಪಕ್ಕದ ಮನೆಯವರ ಪ್ರಕಾರ ಆ ಮರ ತಮ್ಮದು, ಕಡಿದದ್ದು ಬದುವಿನ ಜಗಳಕ್ಕೆ. ಜೈಲಿಗೆ ಹೋದದ್ದು ಮಾತ್ರ ಇಬ್ಬರೂ ಒಪ್ಪುವ ಮಾತು. ಇನ್ನೊಬ್ಬರ ದೊಡ್ಡಪ್ಪ ಹಗಲು ಪೊಲೀಸರಿಗೆ ಸುದ್ದಿ ಕೊಟ್ಟು ಸಂಜೆ ಕಾಡಿನಲ್ಲಿದ್ದವರಿಗೆ ಅಕ್ಕಿ ಕಳಿಸುತ್ತಿದ್ದರು. ಇವರನ್ನು ಯಾವ ಸಾಲಿಗೆ ಸೇರಿಸಲಿ? ಮತ್ತೊಬ್ಬರು ಮಹಾರಾಜರಿಗೆ ಜೈ ಎನ್ನುತ್ತಲೇ ಮಹಾರಾಜರ ದಿವಾನರಿಗೆ ಧಿಕ್ಕಾರ ಕೂಗಿ ಏಟು ತಿಂದವರು. ಕೇಳುತ್ತಾ ಕೇಳುತ್ತಾ ನನಗೆ ತಲೆಬುಡ ತಿಳಿಯದೆ ಹೋಯಿತು. ಮಂಡ್ಯಕ್ಕೆ ಹೋಗಿ ಕಚೇರಿಯ ರೆಕಾರ್ಡು ರೂಮಿನಲ್ಲಿ ಎರಡು ದಿನ ಧೂಳು ಕುಡಿದೆ. ಅಲ್ಲಿ ಸಿಕ್ಕ ಹೆಸರುಗಳು ಊರಿನವರು ಹೇಳಿದ ಹೆಸರುಗಳಲ್ಲ, ಊರಿನವರು ಹೇಳಿದವರು ಅಲ್ಲಿಲ್ಲ.

ಅಂಥ ಒಂದು ದಿನ ಊರಿನಲ್ಲಿ ಜಗುಲಿಯ ಮೇಲೆ ಕೂತು ಪಟ್ಟಿಯನ್ನು ಹೊಡೆದು ಬರೆದು ಮಾಡುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಆಗ ಅವಳಿಗೆ ಎಂಬತ್ತು ದಾಟಿತ್ತು, ಬೆರಳು ಮಾತ್ರ ಚುರುಕು.

“ಆ ಕಡೆಯಪ್ಪಂದು ಆಕಿದ್ದೀಯಾ?” ಎಂದಳು.

“ಹೆಸರೇ ಗೊತ್ತಿಲ್ವಲ್ಲ ಅಜ್ಜಿ. ಕಲ್ಲಲ್ಲಿ ಏನಂತ ಕೆತ್ತಿಸಲಿ? ಅದೂ ಅಲ್ದೆ ಆತ ನಮ್ಮೂರೋರಲ್ಲ.”

“ನಮ್ಮೂರ್ ನೀರಲ್ಲಿ ಸತ್ತೋನು ನಮ್ಮೂರೋನಲ್ವಾ?” ಅಜ್ಜಿ ಮೊರವನ್ನು ಸರಕ್ಕನೆ ಪಕ್ಕಕ್ಕೆ ಸರಿಸಿದಳು. ನನಗೆ ಸಿಟ್ಟು ಬಂತು. ಎಲ್ಲರ ಕಾಟದ ಜೊತೆಗೆ ಇವಳದೂ ಒಂದು ಎಂದುಕೊಂಡೆ. “ಎಲ್ಲಾ ಬಿಟ್ಟು ನಿನಗ್ಯಾಕೆ ಅವನದೇ ಜಪ?” ಎಂದು ಕೇಳಿಯೇಬಿಟ್ಟೆ.

ಅವಳು ಸರಿಸಿದ್ದ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಆಮೇಲೆ ಅವರೆಕಾಯಿಯ ಕಡೆಗೇ ನೋಡಿಕೊಂಡು ಹೇಳಿದಳು. ಹೊಳೆಯ ನಡುವೆ ಆನೆಬಂಡೆ ಎಂದು ಒಂದು ಬಂಡೆಯಿದೆ. ಅದರ ಬೆನ್ನು ಕಂಡರೆ ದಾಟಬಹುದು, ಮುಳುಗಿದ್ದರೆ ಕಾಲಿಡಬಾರದು. ನಮ್ಮೂರಿನಲ್ಲಿ ಇವತ್ತಿಗೂ ನೀರಿನ ಅಂದಾಜು ಹಾಗೇ. ಹುಡುಗ ಹೊರಡುವ ದಿನ ಬೆಳಿಗ್ಗೆ ಗಂಡಸರು ಹೊಳೆ ಕಡೆ ಸುಳಿದರೆ ಅನುಮಾನ ಬರುತ್ತದೆಂದು ಮುತ್ತಜ್ಜ ಹತ್ತು ವರ್ಷದ ಮಗಳ ಕೈಗೆ ಬಿಂದಿಗೆ ಕೊಟ್ಟು, ಬಂಡೆ ಕಾಣುತ್ತದೋ ಇಲ್ಲವೋ ನೋಡಿಕೊಂಡು ಬಾ ಎಂದು ಕಳಿಸಿದ. ಅರ್ಧ ದಾರಿಯಲ್ಲಿ, ಹುಣಸೆ ಮರದ ಕೆಳಗೆ ಇಬ್ಬರು ಪೊಲೀಸರು ಬೀಡಿ ಸೇದುತ್ತಾ ಕೂತಿದ್ದರು. ಹಿಂದಿನ ದಿನ ಮನೆಯೊಳಗೆ ನುಗ್ಗಿ ಮಡಕೆ ಒಡೆದವರು ಅವರೇ. ಹುಡುಗಿ ಅಲ್ಲಿಂದಲೇ ತಿರುಗಿದಳು. ಬರುತ್ತಾ ದಾರಿಯ ಗುಂಡಿಯಲ್ಲಿ ಬಿಂದಿಗೆ ಅದ್ದಿಕೊಂಡು ಬಂದಳು.

“ಅಪ್ಪ ಕೇಳ್ದ, ಬಂಡೆ ಕಾಣ್ತದಾ ಮಗ ಅಂತ. ಊಂ ಕಾಣ್ತದೆ ಅಂದ್ಬುಟ್ಟೆ ಕಣವ್ವ. ಎದ್ರಿ ಓಡ್ಬಂದೆ ಅಂದ್ರೆ ಅಪ್ಪ ಬೈತಾನೆ ಅಂತ. ಅವತ್ತೇ ಅಂವ ಓದ. ಕೊಂದೋಳು ನಾನೇ.”

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನ್ನಪ್ಪನಿಗಿಲ್ಲ, ಗಂಡನಿಗಿಲ್ಲ, ನನ್ನಪ್ಪನಿಗಿಲ್ಲ. ಎಪ್ಪತ್ತು ವರ್ಷ ಪ್ರತಿ ಪಿತೃಪಕ್ಷಕ್ಕೂ ಆ ಮೂಲೆಯ ಎಲೆಯನ್ನು ಬೇರೆ ಯಾರಿಂದಲೂ ಇಡಿಸದೆ ತಾನೇ ಇಡುತ್ತಿದ್ದಳಲ್ಲ, ಅದರ ಕಾರಣ ಇದಾಗಿತ್ತು. “ನಾನ್ ಸಾಯೋದ್ರೊಳ್ಗೆ ಅವನ ಎಸ್ರು ಒಂದ್ ಕಲ್ಲಲ್ಲಿ ಕುಂತ್ಕಂಡ್ರೆ ಸಾಕು” ಎಂದಳು. ಹುಡುಕುತ್ತೇನೆ ಎಂದು ಮಾತು ಕೊಟ್ಟೆ. ಎಲ್ಲಿ ಹುಡುಕಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆಂದು ಮಂಡ್ಯದಲ್ಲಿ ಎಂಟು ಹತ್ತು ದಿನ ಕೂತಿದ್ದೆವು. ಊಟದ ಬಿಡುವಿನಲ್ಲಿ ಪಕ್ಕದ ಟೇಬಲ್ಲಿನ ಮೇಷ್ಟ್ರು, ಕೊಳ್ಳೇಗಾಲದ ಕಡೆಯವರು, ಡಬ್ಬಿ ಬಿಚ್ಚುತ್ತಾ ತಮ್ಮೂರಿನ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಬಗ್ಗೆ ಮಾತು ತೆಗೆದರು. ಪ್ರತಿ ಆಗಸ್ಟಿಗೂ ಶಾಲೆಗೆ ಬಂದು ಒಂದೇ ಕತೆ ಹೇಳುತ್ತಾರಂತೆ. ತುಂಬಿದ ಕಾವೇರಿಗೆ ಧುಮುಕಿ, ಪಂಚೆ ಚೀಲ ಎಲ್ಲ ನೀರುಪಾಲಾಗಿ, ಬರೀ ಲಂಗೋಟಿಯಲ್ಲಿ ತಮ್ಮ ದಡ ಸೇರಿದ ಕತೆ. “ಮಕ್ಕಳು ಲಂಗೋಟಿ ಅಂದ ತಕ್ಷಣ ಚಪ್ಪಾಳೆ ಹೊಡೀತಾವೆ ಮೇಡಂ” ಎಂದು ಮೇಷ್ಟ್ರು ನಕ್ಕರು.

ನಾನು ನನ್ನ ಡಬ್ಬಿ ಮುಚ್ಚಿಬಿಟ್ಟೆ. “ಇದ್ದಾರಾ?” ಎಂದೆ.

“ಇದ್ದಾರೆ. ತೊಂಬತ್ತಾಗಿದೆ. ಕಿವಿ ಸ್ವಲ್ಪ ಮಂದ, ಅಷ್ಟೆ.”

ಮೌಲ್ಯಮಾಪನ ಮುಗಿದ ಮೊದಲ ಭಾನುವಾರ ಮದ್ದೂರಿನಿಂದ ಮಳವಳ್ಳಿ, ಅಲ್ಲಿಂದ ಕೊಳ್ಳೇಗಾಲ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮೇಷ್ಟ್ರ ಊರಿಗೆ ಹೋದೆ. ದಾರಿಯುದ್ದಕ್ಕೂ ಇವರು ಅವರಲ್ಲದಿರಲಿ ಎಂದೂ, ಅವರೇ ಆಗಿರಲಿ ಎಂದೂ ಬೇಡಿಕೊಂಡೆ. ನನಗೇನು ಬೇಕು ಎನ್ನುವುದೇ ನನಗೆ ಸ್ಪಷ್ಟವಿರಲಿಲ್ಲ. ಹಜಾರದ ಮಂಚದ ಮೇಲೆ ಬಿಳಿ ಜುಬ್ಬ ಹಾಕಿಕೊಂಡ ಕಡ್ಡಿಯಂಥ ಮುದುಕರು ಕೂತಿದ್ದರು. ಗೋಡೆಯ ತುಂಬಾ ಸನ್ಮಾನದ ಫೋಟೋಗಳು. ಮೇಷ್ಟ್ರು ಪರಿಚಯ ಮಾಡಿಕೊಟ್ಟ ತಕ್ಷಣ ಕತೆ ಶುರು ಮಾಡಿಯೇಬಿಟ್ಟರು. ತಂತಿ ಕತ್ತರಿಸಿದ್ದು, ಮೈಸೂರಿನ ದಡಕ್ಕೆ ಹೋದದ್ದು, ಹನ್ನೊಂದು ದಿನ ಕಾಡಿನಲ್ಲಿ ಗೆಡ್ಡೆ ಗೆಣಸು ತಿಂದು ಬದುಕಿದ್ದು, ಮತ್ತೆ ಹೊಳೆಗೆ ಬಿದ್ದದ್ದು. ಎಲ್ಲೆಲ್ಲಿ ತಡೆಯಬೇಕೋ ಅಲ್ಲಿ ತಡೆದು, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿ ಹೇಳಿದರು. ಮನೆಯಿಲ್ಲ, ಮುತ್ತಜ್ಜನಿಲ್ಲ, ಮುದ್ದೆಯಿಲ್ಲ.

ನನಗೆ ಮೈ ಉರಿಯಿತು. ಕಿವಿಯ ಹತ್ತಿರ ಬಗ್ಗಿ, “ತಾತ, ಕಾಡಲ್ಲಿ ಹಗೇವು ಇತ್ತಾ?” ಎಂದೆ.

ಮುದುಕರ ಬಾಯಿ ಹಾಗೇ ನಿಂತಿತು. ನನ್ನ ಮುಖವನ್ನು ನೋಡಿದರು, ಮೇಷ್ಟ್ರ ಮುಖವನ್ನು ನೋಡಿದರು. “ನೀ ಯಾರ್ ಮಗಳವ್ವ?” ಎಂದರು. ಹೇಳಿದೆ. ಮಂಚದ ಸಡಿಲ ದಾರವೊಂದನ್ನು ಕಿತ್ತು ಎಸೆದರು. ಆಮೇಲೆ ಅವರಿಗೂ ನನಗೂ ಮಾತ್ರ ಕೇಳುವ ಹಾಗೆ ಹೇಳತೊಡಗಿದರು. ಮೊದಮೊದಲು ಮನೆಯ ಸುದ್ದಿ ಎತ್ತಿದರೆ ಆ ಮನೆಯವರಿಗೆ ತೊಂದರೆ ಎಂದು ಕಾಡು ಎನ್ನುತ್ತಿದ್ದರಂತೆ. ಸ್ವಾತಂತ್ರ್ಯ ಬಂದ ಮೇಲೂ ಬಾಯಿಗೆ ಕಾಡೇ ಬಂತು. ಪೇಪರಿನವರು ಕಾಡು ಎಂದು ಬರೆದುಕೊಂಡರು, ಪಿಂಚಣಿಯ ಅರ್ಜಿಯಲ್ಲೂ ಕಾಡೇ ಆಯಿತು. “ಆಮೇಲ್ ಬದ್ಲಾಯ್ಸದು ಎಂಗವ್ವ? ಹೇಳಿ ಹೇಳಿ ನಂಗೂ ಕಾಡೇ ನೆಪ್ಪಾಗದು” ಎಂದರು. ಸುಳ್ಳು ಹೇಳುತ್ತಿದ್ದಾರೆ ಅನ್ನಿಸಲಿಲ್ಲ. ನಿಜ ಅಂತಲೂ ಅನ್ನಿಸಲಿಲ್ಲ.

ನಾನು ಬಂದ ಕೆಲಸಕ್ಕೆ ಇಳಿದೆ. ಹೊರಡುವ ದಿನ ಒಬ್ಬ ಹುಡುಗಿ ಬಂಡೆ ಕಾಣುತ್ತದೆ ಎಂದು ಹೇಳಿದ್ದಳಲ್ಲ, ಅದನ್ನು ನಂಬಿ ತಾನೆ ನೀವು ಹೊಳೆಗೆ ಇಳಿದದ್ದು ಎಂದು ಕೇಳಿದೆ.

“ಯಾವ್ ಬಂಡೆ? ಸಂಜೆ ಮಬ್ಬಲ್ಲಿ ದಡಕ್ ಬಂದ್ ನೋಡುದ್ರೆ ನೀರೋ ನೀರು. ನಿಮ್ ಮುತ್ತಜ್ಜನೂ ನನ್ ಜೊತೇಲೇ ನಿಂತಿದ್ರು. ತಡಿಯಪ್ಪ, ಇನ್ನೆರಡ್ ದಿನ ಇದ್ದೋಗು ಅಂತ ತೋಳ್ ಹಿಡ್ಕಂಡ್ರು. ನಾನೇ ಕೊಸರ್ಕಂಡು ಬಿದ್ದೆ. ಆ ಗುಂಡೀಲಿ ಇನ್ನೊಂದ್ ದಿನ ಕುಂತಿದ್ರೂ ಹುಚ್ಚು ಹಿಡೀತಿತ್ತು ಕನವ್ವ.”

ಎಷ್ಟು ಸೀದಾ ಮಾತು! ದಡಕ್ಕೆ ಹೋದವರಿಗೆ ಹೊಳೆ ಕಾಣುವುದಿಲ್ಲವೇ? ಅವಳಪ್ಪ ಕುರುಡನೇ? ಎಪ್ಪತ್ತು ವರ್ಷ ಅಜ್ಜಿಗೆ ಇದು ಹೊಳೆಯಲಿಲ್ಲ. ಮಕ್ಕಳಿಗೆ ಪಾಠ ಮಾಡುವ ನನಗೂ ಹೊಳೆದಿರಲಿಲ್ಲ.

“ಆ ಮಗೀನ ಮಾತು ನಿಮ್ ಮುತ್ತಜ್ಜ ಹೇಳುದ್ರು,” ಮುದುಕರು ತಾವಾಗಿಯೇ ಮುಂದುವರಿಸಿದರು. “ನನ್ ಮಗಳು ಎದ್ರಿ ಅರ್ಧ ದಾರಿಗೇ ವಾಪಸ್ ಬಂದವಳೆ, ಬಿಂದ್ಗೇಲಿ ಕೆಸರ್ ನೀರು ತಂದವಳೆ ಅಂದ್ರು.”

ಮನೆಯ ಹೆಂಗಸು ಟೀ ತಂದಿಟ್ಟರು. ಆರಿಹೋಗುವ ತನಕ ಅದನ್ನು ಮುಟ್ಟಲಿಲ್ಲ. ನಾವು ಎಪ್ಪತ್ತು ವರ್ಷದಿಂದ ನಿಮಗೆ ಎಡೆ ಇಡುತ್ತಿದ್ದೇವೆ ಎನ್ನುವುದನ್ನು ಹೇಳಬೇಕೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೇಳಿಬಿಟ್ಟೆ. ಬದುಕಿರುವವರಿಗೆ ಎಡೆ ಇಡುವುದಕ್ಕಿಂತ ದೊಡ್ಡ ಅಪಶಕುನ ನಮ್ಮಲ್ಲಿಲ್ಲ. ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. “ಅದ್ಕೇ ಕನವ್ವ ನಾನಿನ್ನೂ ಗಟ್ಟಿಯಾಗಿರದು. ಎರಡೆರಡು ಕಡೆ ಉಂಡವನಲ್ವಾ!” ಬರೀ ಹುರುಳಿಕಾಳಿನ ಸಾರು ಎಂದು ಕೇಳಿದಾಗ ಮಾತ್ರ ಮುಖ ಸಪ್ಪಗಾಯಿತು. ಮಾಂಸ ಬಿಟ್ಟಿದ್ದು ಆ ಹನ್ನೊಂದು ದಿನದ ವ್ರತವಂತೆ, ಮನೆ ಸೇರಿದ ವಾರಕ್ಕೇ ಕೋಳಿ ಕೊಯ್ಯಿಸಿದರಂತೆ. ಹೊರಡುವಾಗ ನನ್ನ ಕೈ ಹಿಡಿದುಕೊಂಡು, ಕಲ್ಲಿನಲ್ಲಿ ತಮ್ಮ ಹೆಸರು ಬೇಡ, ನಿಮ್ಮ ಮುತ್ತಜ್ಜನದು ಹಾಕಿಸಿ ಎಂದರು.

ಊರಿನ ಯಜಮಾನರಿಗೆ ಇಷ್ಟನ್ನು ಮಾತ್ರ ಹೇಳಿದೆ. “ನಿಮ್ ಮುತ್ತಜ್ಜ ಜೈಲಿಗೆ ಓಗಿದ್ನಾ?” ಎಂದು ಕೇಳಿದರು. ಇಲ್ಲ ಎಂದೆ. “ಏಟು ತಿಂದಿದ್ನಾ?” ಅದೂ ಗೊತ್ತಿರಲಿಲ್ಲ. “ಮತ್ತೇನವ್ವ ಆಕ್ಸೋದು?” ಎಂದರು. ಈಚಲು ಮರ ಕಡಿದವರು ಪಟ್ಟಿಯಲ್ಲಿ ಉಳಿದರು. ಮುತ್ತಜ್ಜ ಸೇರಲಿಲ್ಲ. ಹೋರಾಟ ಅಂದರೆ ಯಾವುದು, ಹೋರಾಟಗಾರ ಅಂದರೆ ಯಾರು ಎಂದು ಜಗಳ ಆಡುವಷ್ಟು ಧೈರ್ಯ ನನಗೇ ಇರಲಿಲ್ಲ, ಏಕೆಂದರೆ ಉತ್ತರ ಗೊತ್ತಿರಲಿಲ್ಲ.

ಅಜ್ಜಿಗೆ ಹೇಳುವುದೇ ದೊಡ್ಡ ಪೇಚಾಟವಾಯಿತು. ನೀನು ಕೊಂದಿಲ್ಲ ಎಂದು ಹೇಳಬೇಕಾದರೆ ಅವನು ಸತ್ತಿಲ್ಲ ಎಂದು ಹೇಳಬೇಕು. ಅವನು ಸತ್ತಿಲ್ಲ ಎಂದರೆ ಎಪ್ಪತ್ತು ವರ್ಷ ಜೀವಂತ ಮನುಷ್ಯನಿಗೆ ಎಡೆ ಇಟ್ಟ ಪಾಪ ಅವಳ ತಲೆಗೆ ಸುತ್ತಿಕೊಳ್ಳುತ್ತದೆ. ಒಂದು ಭಾರ ಇಳಿಸಿ ಇನ್ನೊಂದು ಹೊರಿಸುವುದು ಯಾವ ನ್ಯಾಯ? ಮದ್ದೂರಿನ ದೇವಸ್ಥಾನದ ಅರ್ಚಕರನ್ನು, ಯಾರದೋ ಮನೆಯ ಸಂಗತಿ ಎನ್ನುವ ಹಾಗೆ ಕೇಳಿದೆ. ಮಹಾದೋಷ, ಶಾಂತಿ ಮಾಡಿಸಬೇಕು ಎಂದರು. ಆಮೇಲೆ ನನ್ನ ಮುಖ ನೋಡಿ, ಅದರಿಂದ ಆಯಸ್ಸು ಹೆಚ್ಚುತ್ತದೆ ಎಂದು ಹೇಳುವವರೂ ಇದ್ದಾರೆ ಎಂದು ಸೇರಿಸಿದರು. ಎರಡನ್ನೂ ಕೇಳಿಕೊಂಡು ಮನೆಗೆ ಬಂದೆ.

ಆಗಸ್ಟಿನಲ್ಲಿ ಕಲ್ಲು ನಿಂತಿತು. ಎಂಟು ಹೆಸರು. ಅಜ್ಜಿ ಒಗೆದ ಸೀರೆ ಉಟ್ಟು, ಕೋಲೂರಿಕೊಂಡು ಬಂದು ಕಲ್ಲಿನ ಮುಂದೆ ನಿಂತಳು. ಓದು ಎಂದಳು, ಓದಿದೆ. “ಅವಂದು?” ಎಂದಳು. “ಹುಡುಕ್ತಾ ಇದೀನಿ ಅಜ್ಜಿ” ಎಂದೆ. ನನ್ನ ಬ್ಯಾಗಿನಲ್ಲೇ ಆ ಮುದುಕರ ಹೆಸರೂ ಊರೂ ಬರೆದ ಚೀಟಿ ಇತ್ತು. ಹತ್ತು ವರ್ಷದ ಹುಡುಗಿ ಹೆದರಿ ಹೇಳಿದ ಸುಳ್ಳಿಗೆ ಒಂದು ಅರ್ಥವಿದೆ. ನಲವತ್ತು ದಾಟಿದ ನಾನು ಹೇಳಿದ್ದಕ್ಕೆ ಏನಿದೆ? ನನ್ನ ಮೇಲೇ ನನಗೆ ಅಸಹ್ಯವಾಯಿತು.

ಪಿತೃಪಕ್ಷಕ್ಕೆ ಊರಿಗೆ ಹೋದೆ. ಬೆಳಿಗ್ಗೆ ಅಜ್ಜಿ ಹಿತ್ತಲಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದಳು. ತಮ್ಮನ ಹೆಂಡತಿ ಒಳಗೆ ಒಲೆಯ ಮುಂದಿದ್ದಳು. ಏಳನೆಯ ಎಲೆಗೆ ಅಜ್ಜಿ ಕೈಹಾಕಿದಾಗ ನನ್ನಿಂದ ತಡೆಯಲಾಗಲಿಲ್ಲ.

“ಅದು ಬೇಡ ಅಜ್ಜಿ. ಆ ಕಡೆಯಪ್ಪ ಸತ್ತಿಲ್ಲ. ನಾನು ನೋಡ್ಕೊಂಡು ಬಂದೆ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಎದೆ ಬಡಿದುಕೊಳ್ಳುತ್ತಾಳೆ, ಅಯ್ಯೋ ಪಾಪವೇ ಎನ್ನುತ್ತಾಳೆ ಎಂದು ಹೆದರಿ ಕೂತಿದ್ದೆ. ಅಜ್ಜಿಗೆ ಬಂದದ್ದು ಸಿಟ್ಟು. “ಬದ್ಕಿದ್ದೋನು ಒಂದ್ ಕಾಗ್ದ ಬರೀಬಾರ್ದಾ? ಒಂದ್ ಮಾತು ಏಳಿ ಕಳಿಸ್ಬಾರ್ದಾ? ಎಪ್ಪತ್ ವರ್ಸ ಕಣ್ಲಾ, ಎಪ್ಪತ್ ವರ್ಸ!” ಎಂದು ಆ ಮುದುಕ ಎದುರಿಗೇ ಇದ್ದಾನೆ ಎನ್ನುವಂತೆ ಕೂಗಿದಳು. ಎಡೆಯ ದೋಷದ ಯೋಚನೆ ಅವಳಿಗೆ ಬರಲೇ ಇಲ್ಲ. ನಾಲ್ಕು ತಿಂಗಳು ನಾನು ಒಬ್ಬಳೇ ಅದನ್ನು ಹೊತ್ತು ತಿರುಗಿದ್ದೆ.

ಸಿಟ್ಟು ಇಳಿದ ಮೇಲೆ ಮಿಕ್ಕಿದ್ದನ್ನೂ ಹೇಳಿದೆ. ಮುತ್ತಜ್ಜ ದಡದಲ್ಲಿ ನಿಂತು ಹೊಳೆಯನ್ನು ನೋಡಿದ್ದು, ತೋಳು ಹಿಡಿದು ತಡೆದದ್ದು. ಅಜ್ಜಿಯ ಕೈಯಲ್ಲಿದ್ದ ಬಟ್ಟೆ ನಿಂತಿತು.

“ನಮ್ಮಪ್ಪ ಒಳೆ ನೋಡಿದ್ನಾ?”

“ನೋಡಿದ್ರಂತೆ ಅಜ್ಜಿ. ನೀನು ಹೆದರಿ ಅರ್ಧ ದಾರಿಗೇ ಬಂದಿದ್ದೂ ಗೊತ್ತಿತ್ತಂತೆ. ಬಿಂದಿಗೇಲಿ ಕೆಸರು ನೀರಿತ್ತಲ್ಲ, ಅದನ್ನ ನೋಡಿ.”

ಅಜ್ಜಿ ಎಲೆಯನ್ನು ಮಡಿಲಲ್ಲಿಟ್ಟುಕೊಂಡಳು. ಅವಳು ಅಳುವುದನ್ನು ನಾನು ನೋಡಿಯೇ ಇರಲಿಲ್ಲ, ತಾತ ಸತ್ತಾಗಲೂ. “ಸಾಯೋ ಗಂಟ ನಮ್ಮಪ್ಪನ ಮುಕ ಎತ್ತಿ ನೋಡ್ನಿಲ್ಲ ಕಣವ್ವ,” ಎಂದಳು. “ಒಂದೇ ಮನೇಲಿ ಮೂವತ್ ವರ್ಸ. ಅವನ ಮುಂದ್ ಕುಂತು ಒಂದಿನ ಉಣ್ನಿಲ್ಲ. ಎಲ್ಲಿ ಕೇಳ್ಬುಟ್ಟಾನೋ, ಬಂಡೆ ಕಂಡಿತ್ತಾ ಮಗ ಅಂತ, ಅಂತ. ಮಗಳಿಗೆ ನನ್ ಕಂಡ್ರಾಗಕಿಲ್ಲ ಅಂದ್ಕಂಡೇ ಓದ ನಮ್ಮಪ್ಪ.”

ಅವಳ ಭುಜದ ಮೇಲೆ ಕೈಯಿಟ್ಟುಕೊಂಡು ಕೂತೆ. ಒಳಗಿನಿಂದ ತಮ್ಮನ ಹೆಂಡತಿ ಎಲೆ ತನ್ನಿ ಎಂದು ಕೂಗಿದಳು. ಇಬ್ಬರೂ ಏಳಲಿಲ್ಲ.

“ಏನಂದ್ನಂತೆ ನಮ್ಮಪ್ಪ? ಇನ್ನೊಂದ್ ಸಲ ಏಳು.”

“ನನ್ ಮಗಳು ಎದ್ರಿ ಅರ್ಧ ದಾರಿಗೇ ವಾಪಸ್ ಬಂದವಳೆ, ಅಂದ್ರಂತೆ.”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನೇ ನೋಡಿದಳು. “ನಗ್ತಾ ಅಂದ್ನಾ?”

ನಗುತ್ತಾ ಅಂದರೋ ಸಿಟ್ಟಿನಲ್ಲಿ ಅಂದರೋ ಆ ಮುದುಕರು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ನಗ್ತಾನೇ ಅಂದ್ರಂತೆ ಅಜ್ಜಿ” ಎಂದೆ.